ಹಗಲಲ್ಲಿ ಎಚ್ಚರವಿರುವ ಇಲಿ

ಇಲಿಗೆ ರಾತ್ರಿ ದುಡಿಮೆಯ ಹೊತ್ತು, ಹಗಲು ಮಲಗುವ ಹೊತ್ತು. ಪ್ರಯೋಗಾಲಯದ ಇಲಿಮನೆಯಲ್ಲಿ ಹನ್ನೆರಡು ಗಂಟೆ ದೀಪ ಉರಿಯುತ್ತದೆ, ಹನ್ನೆರಡು ಗಂಟೆ ಕತ್ತಲು. ದೀಪ ಉರಿಯುವ ಹೊತ್ತಿನಲ್ಲಿ ಆರೋಗ್ಯವಾಗಿರುವ ಇಲಿ ಗಂಟೆಗೆ ಸುಮಾರು 40 ನಿಮಿಷ ನಿದ್ದೆ ಮಾಡುತ್ತದೆ. ಮಿಕ್ಕ ನಿಮಿಷಗಳಲ್ಲಿ ಎದ್ದು ನೀರು ಕುಡಿದು, ಮೈ ನೆಕ್ಕಿಕೊಂಡು, ಮತ್ತೆ ಗೂಡಿಗೆ ನುಸುಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹೋಲ್ಟ್ಸ್‌ಮನ್ ಅವರ ತಂಡ ಒಂದು ವಿಶೇಷ ತಳಿಯ ಇಲಿಗಳ ನಿದ್ದೆಯನ್ನು ಬೇರೆ ಬೇರೆ ವಯಸ್ಸಿನಲ್ಲಿ ಅಳೆಯಿತು. 2012ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಈ 40 ನಿಮಿಷ ಸುಮಾರು 30ಕ್ಕೆ ಇಳಿದಿತ್ತು. ಗಂಟೆಗೆ ಹತ್ತೇ ನಿಮಿಷ ಅನ್ನಿಸಬಹುದು. ಆದರೆ ದೀಪ ಉರಿಯುವ ಹನ್ನೆರಡು ಗಂಟೆಗೆ ಲೆಕ್ಕ ಹಾಕಿದರೆ ಎರಡು ಗಂಟೆಯ ನಿದ್ದೆ ಮಾಯ.

ಆ ಇಲಿಗಳು ಹುಟ್ಟುವಾಗಲೇ ಆಲ್ಝೈಮರ್ ರೋಗ ತರುವ ಮನುಷ್ಯರ ಜೀನುಗಳನ್ನು ಹೊತ್ತು ಬಂದಿದ್ದವು. ಹಾಗಿದ್ದೂ ಮೂರು ತಿಂಗಳ ವಯಸ್ಸಿನಲ್ಲಿ ಅವುಗಳ ನಿದ್ದೆ ನೆಟ್ಟಗಿತ್ತು. ಆರು ತಿಂಗಳು ದಾಟುವ ಹೊತ್ತಿಗೆ ಕೆಟ್ಟಿತು, ಒಂಬತ್ತನೇ ತಿಂಗಳಿಗೆ ಇನ್ನಷ್ಟು ಕೆಟ್ಟಿತು. ಆ ನಡುವೆ ಅವುಗಳ ಮಿದುಳಿನಲ್ಲಿ ಏನೋ ನಡೆದಿರಬೇಕು. ಅದು ಏನು ಎಂಬುದು ಈ ಅಧ್ಯಾಯದ ವಿಷಯ. ಆ ಇಲಿಗಳ ಪಾಡಿಗೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಸಾವಿರಾರು ಹಿರಿಯರಿಗೂ ಏನು ಸಂಬಂಧ ಎಂಬುದನ್ನೂ ಇಲ್ಲೇ ನೋಡೋಣ.

ಮೊದಲು ಯಾವುದು?

ಮರೆವಿನ ರೋಗಿಯನ್ನು ಕರೆತಂದ ಮನೆಯವರು ವೈದ್ಯರ ಎದುರು ಹೇಳುವ ಮಾತು ಎಷ್ಟೋ ಸಲ ಮರೆವಿನಿಂದ ಶುರುವಾಗುವುದೇ ಇಲ್ಲ. "ರಾತ್ರಿಯೆಲ್ಲ ಮಲಗಲ್ಲ ಸಾರ್ ನಮ್ಮತ್ತೆ. ಎದ್ದೆದ್ದು ಬಾಗಿಲು ತೆಗೀತಾರೆ, ಹಸು ಕಟ್ಟಿಲ್ಲ ಅಂತಾರೆ. ಹಗಲೊತ್ತು ಕೂತಲ್ಲೇ ತೂಕಡಿಸ್ತಾರೆ." ಸೊಸೆ ಹೇಳುವ ಈ ದೂರು ಇಂದಿನದಲ್ಲ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ದಾಖಲಾದ 51 ವರ್ಷದ ಆಗಸ್ಟೆ ಡೆಟರ್ ಕೂಡ ನಡುರಾತ್ರಿ ಹಾಸಿಗೆಯ ಬಟ್ಟೆ ಎಳೆದಾಡಿಕೊಂಡು ಕೂಗಾಡುತ್ತಿದ್ದರು. ಆಕೆಯನ್ನು ಪರೀಕ್ಷಿಸಿದವರು ಅಲೋಯಿಸ್ ಆಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಎರಡು ಬಗೆಯ ವಿಕಾರ ಕಂಡವು. ನರಕೋಶಗಳ ಹೊರಗೆ ಅಲ್ಲಲ್ಲಿ ಮುದ್ದೆಗಟ್ಟಿದ ವಸ್ತು, ನರಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಹೊರಗಿನ ಮುದ್ದೆ ಪ್ಲಾಕ್. ಅದು ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನು ತುಣುಕಿನದು. ಒಳಗಿನ ಸಿಕ್ಕು ಟೌ ಎಂಬ ಇನ್ನೊಂದು ಪ್ರೋಟೀನಿನದು.

ನಿದ್ದೆಗೇಡನ್ನು ಬಹಳ ಕಾಲ ವೈದ್ಯಲೋಕ ಈ ರೋಗದ ಬಾಲ ಎಂದೇ ನೋಡಿತು. ಮಿದುಳು ಹಾಳಾಯಿತು, ಹಾಗಾಗಿ ನಿದ್ದೆಯೂ ಹಾಳಾಯಿತು ಎನ್ನುವ ಲೆಕ್ಕ. ತಿರುಗುಮುರುಗಾಗಿಯೂ ಇರಬಹುದಲ್ಲ? ವರ್ಷಗಟ್ಟಲೆ ನಿದ್ದೆಗೆಟ್ಟವರ ಮಿದುಳಿನಲ್ಲೇ ಅಮಿಲಾಯ್ಡ್ ಬೇಗ ಕೂಡಿಕೊಳ್ಳುತ್ತಿರಬಹುದಲ್ಲ? ಮನುಷ್ಯರನ್ನು ನೋಡಿ ಇದನ್ನು ಬಿಡಿಸುವುದು ಕಷ್ಟ. ಮರೆವು ಕಣ್ಣಿಗೆ ಬೀಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮಿಲಾಯ್ಡ್ ಸೇರತೊಡಗಿರುತ್ತದೆ. 70ರಲ್ಲಿ ಆಸ್ಪತ್ರೆಗೆ ಬಂದವರನ್ನು 50ರಲ್ಲಿ ಹೇಗೆ ಮಲಗುತ್ತಿದ್ದಿರಿ ಎಂದು ಕೇಳಿದರೆ, ನೆನಪೇ ಕೈಕೊಟ್ಟವರು ಏನು ಹೇಳಿಯಾರು? ಇಲಿಯ ಆಯುಸ್ಸು ಎರಡು ವರ್ಷ, ಹೆಚ್ಚೆಂದರೆ ಎರಡೂವರೆ. ಮನುಷ್ಯರಲ್ಲಿ ಇಪ್ಪತ್ತು ವರ್ಷ ನಡೆಯುವುದು ಅದರಲ್ಲಿ ತಿಂಗಳುಗಳಲ್ಲಿ ಮುಗಿಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೂತು ನೋಡಬಹುದು.

ಇಲಿಗೆ ಮನುಷ್ಯರ ರೋಗ

ಇಲಿ ತಾನಾಗಿ ಆಲ್ಝೈಮರ್ ರೋಗಕ್ಕೆ ಬೀಳುವುದಿಲ್ಲ. ಮುದಿ ಇಲಿಯ ಮಿದುಳಲ್ಲಿ ಎಷ್ಟು ಹುಡುಕಿದರೂ ಪ್ಲಾಕ್ ಸಿಗದು. ಬೀಟಾ ಅಮಿಲಾಯ್ಡ್ ಅದರಲ್ಲೂ ಉಂಟು. ಆದರೆ ಮನುಷ್ಯರ ಅಮಿಲಾಯ್ಡಿಗಿಂತ ಮೂರು ಅಮೈನೊ ಆಮ್ಲಗಳಷ್ಟು ಬೇರೆ. ಅಷ್ಟು ವ್ಯತ್ಯಾಸ ಸಾಕು, ಅದು ಮುದ್ದೆಗಟ್ಟುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಮನುಷ್ಯರ ಜೀನನ್ನೇ ಇಲಿಗೆ ಸೇರಿಸಿದರು. ಕೆಲವು ಕುಟುಂಬಗಳಲ್ಲಿ ನಡುವಯಸ್ಸಿಗೇ ಈ ರೋಗ ವಂಶಪಾರಂಪರ್ಯವಾಗಿ ಬರುತ್ತದೆ. ಅಂಥವರ ದೋಷವಿರುವ ಜೀನು ಹೊತ್ತ ಮೊದಲ ಯಶಸ್ವಿ ಇಲಿ ತಳಿ 1995ರಲ್ಲಿ ಬಂತು. ಮರುವರ್ಷ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾರನ್ ಶಾವ್ ಸ್ವೀಡನ್ನಿನ ಕುಟುಂಬದಲ್ಲಿ ಸಿಕ್ಕ ದೋಷವನ್ನು ಬಳಸಿ ಟಿಜಿ2576 ಎಂಬ ತಳಿ ತಯಾರಿಸಿದರು. ಆಮೇಲೆ ಎರಡು ಜೀನುಗಳನ್ನು ಒಟ್ಟಿಗೆ ಸೇರಿಸಿದ ಎಪಿಪಿ-ಪಿಎಸ್1 ಇಲಿ, ಐದು ದೋಷಗಳನ್ನು ಒಟ್ಟಿಗೆ ಹೇರಿದ 5ಎಕ್ಸ್‌ಎಫ್‌ಎಡಿ ಇಲಿ ಬಂದವು. ಗಂಟೆಗೆ ಹತ್ತು ನಿಮಿಷ ನಿದ್ದೆ ಕಳೆದುಕೊಂಡದ್ದು ಎಪಿಪಿ-ಪಿಎಸ್1 ಇಲಿ.

ಇದೇ ಎಪಿಪಿ-ಪಿಎಸ್1 ಇಲಿ ನಮ್ಮ ಬೆಂಗಳೂರಿನಲ್ಲೂ ಕೆಲಸ ಮಾಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರವನ್ನು ಕಟ್ಟಿದ ವಿಜಯಲಕ್ಷ್ಮಿ ರವೀಂದ್ರನಾಥ್ ಇದರ ಮೇಲೆ ವರ್ಷಗಟ್ಟಲೆ ದುಡಿದವರು. 2012ರಲ್ಲಿ ಅವರ ತಂಡ ಅಶ್ವಗಂಧ ಬೇರಿನ ಸಾರವನ್ನು ಮೂವತ್ತು ದಿನ ತಿನ್ನಿಸಿ ನೋಡಿತು. ಇಲಿಗಳ ಮಿದುಳಿನ ಅಮಿಲಾಯ್ಡ್ ಇಳಿಯಿತು, ಕಲಿತದ್ದನ್ನು ನೆನಪಿಡುವ ಶಕ್ತಿ ಸುಧಾರಿಸಿತು. ಸೋಜಿಗವೆಂದರೆ ಮದ್ದು ಕೆಲಸ ಮಾಡಿದ್ದು ಮುಖ್ಯವಾಗಿ ಪಿತ್ತಜನಕಾಂಗದಲ್ಲಿ. ಅಲ್ಲಿ ಅಮಿಲಾಯ್ಡನ್ನು ಹಿಡಿದು ಸಾಗಿಸುವ ಒಂದು ಪ್ರೋಟೀನು ಹೆಚ್ಚಾಗಿ, ಮಿದುಳಿನ ಅಮಿಲಾಯ್ಡ್ ಹೊರಗೆ ಹರಿದು ಬರಲು ದಾರಿಯಾಗಿತ್ತು. 2018ರಲ್ಲಿ ಅವರದೇ ಗುಂಪು ಇನ್ನೊಂದು ಸಂಗತಿ ತೋರಿಸಿತು. ನರಕೋಶಗಳು ಒಂದನ್ನೊಂದು ಮುಟ್ಟುವ ಕಡೆ ಮುಳ್ಳಿನಂಥ ಚಾಚುಗಳಿರುತ್ತವೆ, ಅವುಗಳಿಗೆ ಆಕಾರ ಕೊಡುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ಈ ಎಳೆಗಳು ಒಂದು ತಿಂಗಳ ಮರಿಯಲ್ಲೇ ಕುಸಿಯಲು ಶುರುವಾಗಿದ್ದವು. ಎರಡನೇ ತಿಂಗಳಿಗೆ ಇಲಿ ಕಲಿತದ್ದನ್ನು ಮರೆಯುತ್ತಿತ್ತು. ಅಷ್ಟು ಹೊತ್ತಿಗೆ ಮಿದುಳಿನಲ್ಲಿ ಪ್ಲಾಕ್ ಇನ್ನೂ ಕಟ್ಟಿರಲೇ ಇಲ್ಲ. ಕಣ್ಣಿಗೆ ಕಾಣುವ ಮುದ್ದೆಗಿಂತ ಬಹಳ ಮೊದಲೇ ಕೇಡು ಒಳಗೆ ಹೊಕ್ಕಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ನಿದ್ದೆಯ ಕಡೆ ಬರೋಣ.

ಇಲಿ ಮಲಗಿದೆ ಎಂದು ಹೇಳುವುದು ಹೇಗೆ?

ಕಣ್ಣು ಮುಚ್ಚಿ ಮುದುಡಿ ಕೂತ ಇಲಿ ನಿದ್ದೆಯಲ್ಲೇ ಇರಬೇಕೆಂದಿಲ್ಲ. ಅದಕ್ಕಾಗಿ ಅರಿವಳಿಕೆ ಕೊಟ್ಟು, ತಲೆಬುರುಡೆಗೆ ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸಿ, ಕತ್ತಿನ ಸ್ನಾಯುವಿಗೆ ಎರಡು ತಂತಿ ಸೇರಿಸುತ್ತಾರೆ. ಗಾಯ ಮಾಯುವವರೆಗೆ ಇಲಿಗೆ ಬಿಡುವು. ಆಮೇಲೆ ತಲೆಯ ಮೇಲಿಂದ ಸಡಿಲವಾಗಿ ಇಳಿಬಿದ್ದ ತಂತಿಯೊಂದಿಗೇ ಅದು ಪಂಜರದಲ್ಲಿ ಓಡಾಡಿಕೊಂಡು ತಿಂದುಕೊಂಡು ಇರುತ್ತದೆ. ಸ್ಕ್ರೂಗಳಿಂದ ಮಿದುಳಿನ ವಿದ್ಯುತ್ ಅಲೆ, ಕತ್ತಿನ ತಂತಿಯಿಂದ ಸ್ನಾಯುವಿನ ಬಿಗಿ ದಾಖಲಾಗುತ್ತದೆ. ಅಲೆ ಸಣ್ಣದಾಗಿ ಬಿರುಸಾಗಿದ್ದು ಕತ್ತು ಬಿಗಿಯಾಗಿದ್ದರೆ ಎಚ್ಚರ. ಅಲೆ ದೊಡ್ಡದಾಗಿ ನಿಧಾನವಾಗಿ ಏರಿಳಿದರೆ ಗಾಢ ನಿದ್ದೆ. ಅಲೆ ಮತ್ತೆ ಬಿರುಸಾಗಿ, ಕತ್ತು ಮಾತ್ರ ಪೂರ್ತಿ ಸಡಿಲಬಿಟ್ಟರೆ ಅದು ಕನಸು ಬೀಳುವ ಆರ್‌ಇಎಂ ನಿದ್ದೆ. ಒಂದೊಂದು ಇಲಿಯ ದಿನವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೂ ಈ ಮೂರರಲ್ಲೊಂದು ಹೆಸರು ಕೊಡುತ್ತಾರೆ. ಹಿಂದೆ ವಿದ್ಯಾರ್ಥಿಗಳು ಕೂತು ಕಣ್ಣಳತೆಯಲ್ಲಿ ಮಾಡುತ್ತಿದ್ದುದನ್ನು ಈಗ ಬಹುಪಾಲು ಕಂಪ್ಯೂಟರು ಮಾಡುತ್ತದೆ.

ತಲೆಗೆ ಕೈಹಚ್ಚದ ಉಪಾಯವೂ ಇದೆ. ಪಂಜರದ ತಳಕ್ಕೆ ಒತ್ತಡ ಗ್ರಹಿಸುವ ಹಾಳೆ ಹಾಸಿದರೆ ಇಲಿಯ ಉಸಿರಿನ ಅಲುಗಾಟವೂ ಅದಕ್ಕೆ ತಿಳಿಯುತ್ತದೆ. ಮಲಗಿದ ಇಲಿಯ ಉಸಿರು ಒಂದೇ ಸಮನೆ ಇರುತ್ತದೆ, ಎದ್ದಿರುವ ಇಲಿಯದು ಅಡ್ಡಾದಿಡ್ಡಿ. ಈ ರೀತಿ ಅಳೆದಾಗ 5ಎಕ್ಸ್‌ಎಫ್‌ಎಡಿ ಇಲಿಗಳ ನಿದ್ದೆ ಚೂರುಚೂರಾಗಿರುವುದು ಕಂಡಿತು. ಮಲಗುತ್ತವೆ, ಏಳುತ್ತವೆ, ಮತ್ತೆ ಮಲಗುತ್ತವೆ. ಒಂದು ಸಲದ ನಿದ್ದೆ ಉದ್ದಕ್ಕೆ ಸಾಗುವುದಿಲ್ಲ. ಮರೆವಿನ ರೋಗಿಗಳ ಮನೆಯವರು ರಾತ್ರಿ ಕಾಣುವುದೂ ಇದನ್ನೇ.

ನಿದ್ದೆಗೆಟ್ಟರೆ ಅಮಿಲಾಯ್ಡ್

ಪ್ರಶ್ನೆಯ ಒಂದು ತುದಿಗೆ ಉತ್ತರ 2009ರಲ್ಲಿ ಸಿಕ್ಕಿತು. ಹೋಲ್ಟ್ಸ್‌ಮನ್ ತಂಡ ಟಿಜಿ2576 ಇಲಿಯ ಹಿಪ್ಪೊಕ್ಯಾಂಪಸ್‌ಗೆ, ಅಂದರೆ ಹೊಸ ನೆನಪು ರೂಪುಗೊಳ್ಳುವ ಜಾಗಕ್ಕೆ, ತೀರ ತೆಳ್ಳಗಿನ ಕೊಳವೆ ಇಳಿಬಿಟ್ಟಿತು. ಕೊಳವೆಯ ತುದಿಗೆ ಸಣ್ಣ ರಂಧ್ರಗಳ ಪೊರೆ. ಒಳಗೆ ದ್ರವ ನಿಧಾನವಾಗಿ ಹರಿಯುತ್ತಿದ್ದರೆ, ನರಕೋಶಗಳ ನಡುವಿನ ತೇವದಲ್ಲಿರುವ ಅಮಿಲಾಯ್ಡ್ ಪೊರೆ ದಾಟಿ ಅದರಲ್ಲಿ ಸೇರಿಕೊಳ್ಳುತ್ತದೆ. ಹೀಗೆ ಓಡಾಡುತ್ತಿರುವ ಇಲಿಯ ಮಿದುಳಿನಿಂದಲೇ ಗಂಟೆಗಂಟೆಯ ಮಾದರಿ ತೆಗೆದರು. ಅಮಿಲಾಯ್ಡ್ ದಿನವಿಡೀ ಒಂದೇ ಮಟ್ಟದಲ್ಲಿರಲಿಲ್ಲ. ಇಲಿ ಎದ್ದಿರುವ ಕತ್ತಲ ಹೊತ್ತಿನಲ್ಲಿ ಏರುತ್ತಿತ್ತು, ಮಲಗುವ ಬೆಳಕಿನ ಹೊತ್ತಿನಲ್ಲಿ ಇಳಿಯುತ್ತಿತ್ತು. ಏರಿಳಿತದ ಅಂತರ ಸುಮಾರು ಕಾಲು ಪಾಲು. ಮಲಗುವ ಹೊತ್ತಿನಲ್ಲಿ ಆರು ಗಂಟೆ ಎಚ್ಚರವಾಗಿರಿಸಿದರೆ ಇಳಿಯಬೇಕಾದದ್ದು ಇಳಿಯಲಿಲ್ಲ, ಏರಿತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನರಕೋಶ ಹೆಚ್ಚು ಚಟುವಟಿಕೆಯಿಂದಿದ್ದಷ್ಟೂ ಹೆಚ್ಚು ಅಮಿಲಾಯ್ಡ್ ಹೊರಬಿಡುತ್ತದೆ. ಗಾಢ ನಿದ್ದೆಯಲ್ಲಿ ಅದು ಅಷ್ಟಾಗಿ ದುಡಿಯುವುದಿಲ್ಲ.

ಒಂದು ದಿನದ ಏರಿಳಿತ ಬೇರೆ, ಮುದ್ದೆಗಟ್ಟುವುದು ಬೇರೆ. ಅದಕ್ಕಾಗಿ ಅವರು ದಿನಕ್ಕೆ 20 ಗಂಟೆಯಂತೆ 21 ದಿನ ಇಲಿಗಳನ್ನು ನಿದ್ದೆಗೆಡಿಸಿ ನೋಡಿದರು. ಅವುಗಳ ಮಿದುಳಿನಲ್ಲಿ ಪ್ಲಾಕ್ ಹೆಚ್ಚಾಗಿತ್ತು. ಆಮೇಲೆ ಎದುರು ದಿಕ್ಕಿನ ಪರೀಕ್ಷೆ. ಒರೆಕ್ಸಿನ್ ಎಂಬುದು ಎಚ್ಚರವನ್ನು ಹಿಡಿದಿಡುವ ಮಿದುಳಿನ ರಾಸಾಯನಿಕ. 1998ರಲ್ಲಿ ಪತ್ತೆಯಾದದ್ದು. ಇದು ಇಲ್ಲವಾದರೆ ಮನುಷ್ಯರು ಕೂತಲ್ಲಿ ನಿಂತಲ್ಲಿ ನಿದ್ದೆಗೆ ಜಾರುವ ನಾರ್ಕೊಲೆಪ್ಸಿಗೆ ಸಿಕ್ಕುತ್ತಾರೆ. ಒರೆಕ್ಸಿನ್ನಿನ ಕೆಲಸ ತಡೆಯುವ ಮದ್ದನ್ನು ಎಂಟು ವಾರ ಕೊಟ್ಟ ಇಲಿಗಳಲ್ಲಿ ಪ್ಲಾಕ್ ಕಡಿಮೆ ಕಂಡಿತು. ನಿದ್ದೆ ಕಿತ್ತುಕೊಂಡರೆ ಹೆಚ್ಚು, ನಿದ್ದೆ ಕೊಟ್ಟರೆ ಕಡಿಮೆ. ಬರೀ ಕಾಕತಾಳೀಯ ಎಂದು ತಳ್ಳಿಹಾಕಲು ಇನ್ನು ಆಗುವುದಿಲ್ಲ.

ಅಮಿಲಾಯ್ಡ್ ಬಂದರೆ ನಿದ್ದೆಗೇಡು

ಇನ್ನೊಂದು ತುದಿಯ ಉತ್ತರ ಅಧ್ಯಾಯದ ಆರಂಭದಲ್ಲಿ ಹೇಳಿದ 2012ರ ಪ್ರಯೋಗ. ಅಲ್ಲಿ ಯಾರೂ ಇಲಿಗಳ ನಿದ್ದೆಗೆಡಿಸಲಿಲ್ಲ. ಮೂರು ತಿಂಗಳಲ್ಲಿ ಪ್ಲಾಕ್ ಇಲ್ಲ, ನಿದ್ದೆ ಸರಿಯಿದೆ, ಅಮಿಲಾಯ್ಡಿನ ಹಗಲು-ರಾತ್ರಿಯ ಏರಿಳಿತವೂ ಸರಿಯಿದೆ. ಪ್ಲಾಕ್ ಕಟ್ಟತೊಡಗಿದ ಮೇಲೆ ಏರಿಳಿತ ಸಪಾಟಾಯಿತು, ನಿದ್ದೆ ಒಡೆಯಿತು. ಇದು ಬರೀ ವಯಸ್ಸಿನ ಪರಿಣಾಮವಲ್ಲವೆಂದು ತೋರಿಸಲು ಇಲಿಗಳಿಗೆ ಅಮಿಲಾಯ್ಡ್ ವಿರುದ್ಧ ಲಸಿಕೆ ಹಾಕಿದರು. ಲಸಿಕೆ ಪಡೆದ ಇಲಿಗಳು ಅದೇ ವಯಸ್ಸಿಗೆ ಬಂದರೂ ಪ್ಲಾಕ್ ಹೆಚ್ಚಲಿಲ್ಲ, ನಿದ್ದೆಯೂ ಕೆಡಲಿಲ್ಲ.

ಬಾಣ ಎರಡೂ ಕಡೆಗೆ ಹಾರುತ್ತದೆ ಅಂದಾಯಿತು. ನಿದ್ದೆ ಕೆಟ್ಟರೆ ಅಮಿಲಾಯ್ಡ್ ಕೂಡುತ್ತದೆ, ಅಮಿಲಾಯ್ಡ್ ಕೂಡಿದರೆ ನಿದ್ದೆ ಕೆಡುತ್ತದೆ. ಕೆಟ್ಟ ನಿದ್ದೆ ಮತ್ತಷ್ಟು ಅಮಿಲಾಯ್ಡಿಗೆ ದಾರಿ. ಯಾವುದು ಮೊದಲು ಎಂಬ ನಮ್ಮ ಪ್ರಶ್ನೆಗೆ ಇಲಿ ಕೊಟ್ಟದ್ದು ಪ್ರಶ್ನೆಯನ್ನೇ ತಿದ್ದುವ ಉತ್ತರ. ಈ ಸುತ್ತು ಯಾವ ಕಡೆಯಿಂದಲಾದರೂ ಶುರುವಾಗಬಹುದು. ಯಾವ ಕಡೆಯಿಂದ ಕತ್ತರಿಸುವುದು ಸುಲಭ ಎಂಬುದು ಈಗ ಕೇಳಬೇಕಾದದ್ದು.

2019ರಲ್ಲಿ ಟೌ ಕೂಡ ಈ ಕತೆಗೆ ಸೇರಿತು. ಎಚ್ಚರವಿರುವ ಇಲಿಯ ಮಿದುಳಿನ ದ್ರವದಲ್ಲಿ ಟೌ ಮಟ್ಟ ಮಲಗಿದಾಗಿನದಕ್ಕಿಂತ ಬಹುಮಟ್ಟಿಗೆ ಇಮ್ಮಡಿ. ರಾತ್ರಿಯಿಡೀ ಎಚ್ಚರವಿರಿಸಿದ ಮನುಷ್ಯರ ಬೆನ್ನುಹುರಿಯ ದ್ರವದಲ್ಲೂ ಅದು ಅರ್ಧದಷ್ಟು ಏರಿತ್ತು. ಇದು ಮುಖ್ಯ, ಯಾಕೆಂದರೆ ರೋಗಿಯ ಮರೆವು ಎಷ್ಟು ಮುಂದುವರಿದಿದೆ ಎಂಬುದಕ್ಕೆ ಅಮಿಲಾಯ್ಡಿಗಿಂತ ಟೌ ಹರಡಿದ ರೀತಿ ಹತ್ತಿರದ ಅಳತೆ.

ತೊಳೆಯುವ ಜಗಳ

ನಿದ್ದೆಯಲ್ಲಿ ಅಮಿಲಾಯ್ಡ್ ಕಡಿಮೆ ಹುಟ್ಟುತ್ತದೋ, ಹುಟ್ಟಿದ್ದು ಹೆಚ್ಚು ತೊಳೆದುಹೋಗುತ್ತದೋ? 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ತಂಡ ಪ್ರಕಟಿಸಿದ ಪ್ರಯೋಗ ಎರಡನೆಯದರ ಪರ ನಿಂತಿತು. ಎಚ್ಚರವಿರುವ ಇಲಿಯ ಮಿದುಳಿನಲ್ಲಿ ಕೋಶಗಳ ನಡುವಿನ ಖಾಲಿ ಜಾಗ ಶೇಕಡ 14ರಷ್ಟು, ಮಲಗಿದಾಗ ಶೇಕಡ 23ರಷ್ಟು. ಜಾಗ ಅಗಲವಾದಾಗ ದ್ರವ ಸರಾಗವಾಗಿ ಹರಿದು ಅಮಿಲಾಯ್ಡಿನಂಥ ಕಸವನ್ನು ಕೊಚ್ಚಿಕೊಂಡು ಹೋಗುತ್ತದೆ ಎಂದರು. ಬಾಗಿಲು ಹಾಕಿದ ಮೇಲೆ ಅಂಗಡಿ ಗುಡಿಸಿದಂತೆ ಮಿದುಳು ರಾತ್ರಿ ತನ್ನನ್ನು ಗುಡಿಸಿಕೊಳ್ಳುತ್ತದೆ ಎಂಬ ಮಾತು ಜಗತ್ತಿನಾದ್ಯಂತ ಪತ್ರಿಕೆಗಳಿಗೆ ಹಬ್ಬವಾಯಿತು.

2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನಿಕ್ ಫ್ರಾಂಕ್ಸ್ ತಂಡ ಇನ್ನೊಂದು ವಿಧಾನದಲ್ಲಿ, ಮಿದುಳಿಗೆ ಚುಚ್ಚಿದ ಬಣ್ಣ ಎಷ್ಟು ಬೇಗ ಸರಿಯುತ್ತದೆಂದು ಇಲಿಗಳಲ್ಲಿ ಅಳೆಯಿತು. ಅವರಿಗೆ ಸಿಕ್ಕಿದ್ದು ತದ್ವಿರುದ್ಧ: ನಿದ್ದೆಯಲ್ಲಿ, ಅರಿವಳಿಕೆಯಲ್ಲಿ ತೊಳೆಯುವ ಕೆಲಸ ನಿಧಾನವಾಗಿತ್ತು. ಎರಡು ಪಕ್ಷದವರೂ ಇನ್ನೊಬ್ಬರ ಅಳತೆಗೋಲನ್ನು ಪ್ರಶ್ನಿಸುತ್ತಿದ್ದಾರೆ. ಜಗಳ ಮುಗಿದಿಲ್ಲ. ಒಂದು ಮಾತು ಗಮನಿಸಿ: ಈ ಜಗಳ ಇರುವುದು ಅಮಿಲಾಯ್ಡ್ ಯಾಕೆ ಇಳಿಯುತ್ತದೆ ಎಂಬುದರ ಮೇಲೆ. ನಿದ್ದೆಗೂ ಅಮಿಲಾಯ್ಡಿಗೂ ನಂಟಿದೆ ಎಂಬುದು ಅದರಿಂದ ಬಿದ್ದುಹೋಗುವುದಿಲ್ಲ.

ಇಲಿಯ ಮಾತನ್ನು ಎಷ್ಟು ನಂಬಬೇಕು?

ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಆಲ್ಝೈಮರ್ ಮದ್ದುಗಳ ಪಟ್ಟಿ ಉದ್ದವಿದೆ. ಅಶ್ವಗಂಧದ ಪ್ರಯೋಗ ಓದಿದವರು ಗ್ರಂಧಿಗೆ ಅಂಗಡಿಗೆ ಓಡಬೇಕಿಲ್ಲ; ಇಲಿಗೆ ಮೂವತ್ತು ದಿನದಲ್ಲಿ ಆದದ್ದು ಅಜ್ಜಿಗೂ ಆಗುತ್ತದೆ ಎನ್ನಲು ಅದು ಆಧಾರವಲ್ಲ. ನಿದ್ದೆಯ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು.

ಮನುಷ್ಯರದು ಒಂದೇ ಪಟ್ಟಿನ ರಾತ್ರಿ ನಿದ್ದೆ, ಇಲಿಯದು ಕೆಲವು ನಿಮಿಷಗಳ ತುಂಡು ನಿದ್ದೆಗಳ ಸರಮಾಲೆ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಸಿ57 ಕಪ್ಪು ಇಲಿಯ ಮೈಯಲ್ಲಿ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಹೆಚ್ಚುಕಡಿಮೆ ತಯಾರಾಗುವುದೇ ಇಲ್ಲ. ಎಪಿಪಿ-ಪಿಎಸ್1ನಂಥ ಇಲಿಗಳಲ್ಲಿ ಅಮಿಲಾಯ್ಡ್ ಉಂಟು, ಆದರೆ ಮನುಷ್ಯರಲ್ಲಿ ಕಾಣುವ ಟೌ ಸಿಕ್ಕು ಇಲ್ಲ. ಅವು ಹೊತ್ತ ಜೀನು ದೋಷದಿಂದ ರೋಗ ಬರುವವರು ರೋಗಿಗಳಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಇನ್ನೂ ಒಂದು ತೊಡಕು. ಹಳೆಯ ತಳಿಗಳಲ್ಲಿ ಮನುಷ್ಯರ ಜೀನನ್ನು ವಿಪರೀತವಾಗಿ ದುಡಿಸಲಾಗುತ್ತದೆ. ಇಲಿ ನಿದ್ದೆಗೆಡುವುದು ರೋಗದಿಂದಲೋ ಆ ಅತಿ ದುಡಿತದಿಂದಲೋ ಎಂಬ ಅನುಮಾನ ಉಳಿಯುತ್ತದೆ. ಇದನ್ನು ಬಗೆಹರಿಸಲು ಜಪಾನಿನ ರಿಕೆನ್ ಸಂಸ್ಥೆಯ ತಕಾವೊಮಿ ಸೈಡೊ ಅವರ ತಂಡ 2014ರಲ್ಲಿ ಹೊಸ ತಳಿ ಕೊಟ್ಟಿತು. ಅದರಲ್ಲಿ ಇಲಿಯದೇ ಜೀನನ್ನು ಇದ್ದಲ್ಲೇ ತಿದ್ದಿ ಮನುಷ್ಯರದರಂತೆ ಮಾಡಲಾಗಿದೆ. ಈ ಇಲಿಗಳಲ್ಲಿ ವಯಸ್ಸಾದಂತೆ ಮುಖ್ಯವಾಗಿ ಸೊರಗಿದ್ದು ಕನಸಿನ ನಿದ್ದೆ. ಒಟ್ಟು ನಿದ್ದೆ ಹಳೆಯ ತಳಿಗಳಷ್ಟು ಕೆಡಲಿಲ್ಲ. ಎಂದರೆ ತಳಿ ಬದಲಾದರೆ ನಿದ್ದೆಗೇಡಿನ ಚಹರೆಯೂ ಬದಲಾಗುತ್ತದೆ.

ಮನುಷ್ಯರಲ್ಲಿ ಸಿಕ್ಕ ಸುಳಿವುಗಳು ಇಲಿಯ ಮಾತನ್ನು ಸುಳ್ಳು ಮಾಡಿಲ್ಲ. 2018ರಲ್ಲಿ ಅಮೆರಿಕದಲ್ಲಿ 20 ಮಂದಿಯನ್ನು ಒಂದು ರಾತ್ರಿ ಎಚ್ಚರವಿರಿಸಿ ಸ್ಕ್ಯಾನ್ ಮಾಡಿದಾಗ ಹಿಪ್ಪೊಕ್ಯಾಂಪಸ್ ಸುತ್ತ ಅಮಿಲಾಯ್ಡ್ ಶೇಕಡ 5ರಷ್ಟು ಏರಿತ್ತು. ಬ್ರಿಟನ್ನಿನಲ್ಲಿ ಸುಮಾರು 8 ಸಾವಿರ ಸರ್ಕಾರಿ ನೌಕರರನ್ನು 25 ವರ್ಷ ಹಿಂಬಾಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 50, 60, 70ರ ವಯಸ್ಸಿನಲ್ಲಿ ಸತತವಾಗಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಲ್ಲಿ ಮರೆವಿನ ರೋಗದ ಅಪಾಯ ಏಳು ಗಂಟೆ ಮಲಗುವವರಿಗಿಂತ ಶೇಕಡ 30ರಷ್ಟು ಹೆಚ್ಚಿತ್ತು. ಇಲಿಯಲ್ಲಿ ಪರೀಕ್ಷಿಸಿದ ಒರೆಕ್ಸಿನ್ ತಡೆಯುವ ಜಾತಿಯ ಮಾತ್ರೆಯನ್ನು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡು ರಾತ್ರಿ ಕೊಟ್ಟಾಗ ಬೆನ್ನುಹುರಿ ದ್ರವದ ಅಮಿಲಾಯ್ಡ್ ಶೇಕಡ 10ರಿಂದ 20ರಷ್ಟು ಇಳಿಯಿತು. ಆದರೆ ಪ್ರಯೋಗದಲ್ಲಿದ್ದವರು 38 ಮಂದಿ ಮಾತ್ರ. ಎರಡು ರಾತ್ರಿಯ ಇಳಿತದಿಂದ ಇಪ್ಪತ್ತು ವರ್ಷದ ರೋಗ ತಡೆಯುತ್ತದೆ ಎಂದು ಯಾರೂ ಹೇಳಿಲ್ಲ.

ಮರೆವಿನ ರೋಗ ತಡೆಯುವ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿ.ಪಿ., ಸಕ್ಕರೆ ಕಾಯಿಲೆ, ಕಿವುಡು, ಓದು ಸಿಗದಿರುವುದು, ತಂಬಾಕು ಎಲ್ಲ ಇದೆ. ನಿದ್ದೆ ಇಲ್ಲ. ಬಾಣ ಎರಡೂ ಕಡೆ ಹಾರುವಾಗ, ಕೆಟ್ಟ ನಿದ್ದೆ ಕಾರಣವೋ ಆಗಲೇ ಒಳಹೊಕ್ಕ ರೋಗದ ಮೊದಲ ಗುರುತೋ ಎಂದು ಬೇರ್ಪಡಿಸಲು ಸಾಕಷ್ಟು ದೀರ್ಘವಾದ ಪುರಾವೆ ಕೈಯಲ್ಲಿಲ್ಲ.

ಶ್ರೀನಿವಾಸಪುರದ ಹತ್ತು ಸಾವಿರ

ಅಂಥ ಪುರಾವೆ ಬರಬಹುದಾದ ಜಾಗಗಳಲ್ಲಿ ಒಂದು ಬೆಂಗಳೂರಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಇಲಿಗಳ ಮೇಲೆ ಕೆಲಸ ಮಾಡಿದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರೇ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಅದಕ್ಕೆ ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ನೆರವಿತ್ತು. ಆ ಕೇಂದ್ರ 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 'ಸ್ಯಾನ್ಸ್‌ಕಾಗ್' ಎಂಬ ಅಧ್ಯಯನ ಶುರುಮಾಡಿತು. ಗುರಿ 45 ದಾಟಿದ 10 ಸಾವಿರ ಮಂದಿ. ಆಶಾ ಕಾರ್ಯಕರ್ತೆಯರ ನೆರವಿನಿಂದ ಮನೆಮನೆಗೆ ಹೋಗಿ ಒಪ್ಪಿಗೆ ಪಡೆದು ಸೇರಿಸಿಕೊಂಡು, ರಕ್ತಪರೀಕ್ಷೆ, ವೈದ್ಯರ ತಪಾಸಣೆ, ನೆನಪಿನ ಪರೀಕ್ಷೆ, ಜೀನು, ಕೆಲವರಿಗೆ ಮಿದುಳಿನ ಎಂ.ಆರ್.ಐ. ಮಾಡುತ್ತಾರೆ. ಮತ್ತೆ ಮತ್ತೆ ಅದೇ ಜನರನ್ನು ವರ್ಷಗಟ್ಟಲೆ ನೋಡುತ್ತಾ ಹೋಗುವುದು ಇದರ ಜೀವಾಳ. ಇಲಿಯ ಮೂರನೇ ತಿಂಗಳು, ಆರನೇ ತಿಂಗಳು, ಒಂಬತ್ತನೇ ತಿಂಗಳನ್ನು ಅಳೆದ ಕ್ರಮವೇ ಮನುಷ್ಯರ 45, 55, 65ಕ್ಕೆ ಹಿಗ್ಗಿದೆ. ಬೆಂಗಳೂರು ನಗರದಲ್ಲೂ ಇದರ ಜೋಡಿ ಅಧ್ಯಯನ ನಡೆಯುತ್ತಿದೆ.

ಹಳ್ಳಿಯನ್ನೇ ಯಾಕೆ ಆರಿಸಬೇಕು? 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಲೆಕ್ಕದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ರೋಗವಿದೆ. ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಾಗಿದ್ದೂ ಹಳ್ಳಿಯಲ್ಲಿ ಇದನ್ನು ರೋಗ ಎಂದು ನೋಡುವವರು ಕಡಿಮೆ. ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗುತ್ತಾರೆ. ಆದರೆ ಇದೇ ಜಿಲ್ಲೆಯ ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1891ರ ಜೂನ್ 6ರಂದು ಹುಟ್ಟಿ 1986ರ ಜೂನ್ 6ರಂದು ತೀರಿಕೊಂಡವರು. ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ವಯಸ್ಸಾದವರಿಗೆಲ್ಲ ಮರೆವು ಬಂದೇ ಬರುತ್ತದೆ ಎಂಬುದಕ್ಕೆ ಅಂಥ ಬಾಳು ಎದುರುತ್ತರ. ಮರೆಯುವವರು ಯಾರು, ಮರೆಯದೆ ಉಳಿಯುವವರು ಯಾರು, ಯಾಕೆ ಎಂಬುದೇ ಹತ್ತು ಸಾವಿರ ಮಂದಿಯನ್ನು ಹಿಂಬಾಲಿಸುವವರ ಪ್ರಶ್ನೆ.

ಹಳ್ಳಿಯಲ್ಲಿ ಅಳತೆಯೇ ಒಂದು ಸವಾಲು. ನೆನಪಿನ ಪರೀಕ್ಷೆಗಳು ಹೆಚ್ಚಾಗಿ ಓದು ಬಲ್ಲವರಿಗೆಂದು ಹುಟ್ಟಿದವು. ಪೆನ್ಸಿಲ್ ಹಿಡಿಯದ ಕೈಗೆ ಗಡಿಯಾರದ ಚಿತ್ರ ಬರೆ ಎಂದರೆ ತಿಳಿಯುವುದು ಶಾಲೆಗೆ ಹೋಗಿಲ್ಲವೆಂಬುದಷ್ಟೇ. ಅದಕ್ಕಾಗಿ ಇಲ್ಲಿ ಕಂಪ್ಯೂಟರಿನಲ್ಲಿ ನೋಡಿ, ಕೇಳಿ, ಮುಟ್ಟಿ ಉತ್ತರಿಸುವ ಪರೀಕ್ಷೆಯನ್ನು ಕನ್ನಡಕ್ಕೆ ಒಗ್ಗಿಸಿ ಬಳಸುತ್ತಾರೆ. ನಿದ್ದೆಯನ್ನು ಕೇಳಿ ತಿಳಿಯುವುದೂ ಅಷ್ಟೇ ಕಷ್ಟ. ಎಷ್ಟು ಗಂಟೆ ಮಲಗುತ್ತೀರಿ ಎಂದರೆ, "ಡೈರಿಗೆ ಹಾಲು ಹಾಕೋ ಹೊತ್ತಿಗೆ ಏಳ್ತೀನಿ" ಎನ್ನುವ ಉತ್ತರ ಬರುತ್ತದೆ. ನಿಖರವಾದ ಉತ್ತರವೇ, ಆದರೆ ಪ್ರಶ್ನಾವಳಿಯ ಚೌಕದಲ್ಲಿ ಕೂರುವುದಿಲ್ಲ.

ಆ ಉತ್ತರದಲ್ಲಿ ಕೋಲಾರದ ನಿದ್ದೆಯ ಚರಿತ್ರೆಯೇ ಇದೆ. ಇಲ್ಲಿನ ರೈತ ರೇಷ್ಮೆ, ಹಾಲು, ಟೊಮೆಟೊ, ಮಾವು ನಂಬಿದವನು. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ರೇಷ್ಮೆಹುಳು ಹಣ್ಣಾಗುವವರೆಗೆ ಹಗಲಿರುಳೆನ್ನದೆ ಸೊಪ್ಪು ತಿನ್ನುತ್ತದೆ. ರಾತ್ರಿಯ ಸೊಪ್ಪು ತಪ್ಪಿಸಿದರೆ ಗೂಡು ಹಗುರ. ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾ ಬೆಳಗು ಮಾಡುತ್ತಾರೆ. ಹಸು ಕರೆಯುವವರಿಗೆ ಕೋಳಿ ಕೂಗುವ ಮೊದಲೇ ಬೆಳಗಾಗಿರುತ್ತದೆ. ನೀರಿನ ಕತೆ ಬೇರೆಯೇ. ಕೆರೆ ಬತ್ತಿದ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿ ಇಳಿದಿದೆ. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದ ವಾರ ನಡುರಾತ್ರಿ ಎದ್ದು, ಟಾರ್ಚು ಹಿಡಿದು, ಹಾವು ಚೇಳು ನೋಡಿಕೊಂಡು ಹೋಗಿ ಸ್ಟಾರ್ಟರ್ ಒತ್ತಿ, ಪಾತಿಯಿಂದ ಪಾತಿಗೆ ನೀರು ತಿರುಗಿಸಬೇಕು. 45 ವರ್ಷದ ರೈತ ಹೀಗೆ ಇಪ್ಪತ್ತು ವರ್ಷ ನಿದ್ದೆಗೆಟ್ಟಿರುತ್ತಾನೆ. ನಿದ್ರಾಹೀನತೆ ಎಂಬ ಕಾಯಿಲೆ ಅವನಿಗೆ ಇಲ್ಲ, ಮಲಗಲು ಬಿಡುವೇ ಇಲ್ಲ.

ಈ ನಿದ್ದೆಗೇಡು ಮುಂದೆ ಮರೆವು ತರುತ್ತದೆಂದು ಇವತ್ತು ಯಾರೂ ಹೇಳಲಾರರು. ದುಡಿಯುವ ಮೈ, ಊರಿನ ಒಡನಾಟ, ಬೆಳಗಿನ ಬಿಸಿಲು ಎಲ್ಲ ಎದುರು ತಕ್ಕಡಿಯಲ್ಲಿ ಕೂತಿರಬಹುದು. ಆದರೆ ಬ್ರಿಟನ್ನಿನ ಸರ್ಕಾರಿ ನೌಕರರ ನಿದ್ದೆಯ ಲೆಕ್ಕ ಇವರಿಗೆ ಒಪ್ಪುವುದಿಲ್ಲ ಎಂಬುದಂತೂ ಖಚಿತ. ನಮ್ಮ ಉತ್ತರ ನಮ್ಮ ಹಳ್ಳಿಗಳಿಂದಲೇ ಬರಬೇಕು.

ಕಾಯುತ್ತಾ ಕೈಕಟ್ಟಿ ಕೂರಬೇಕಿಲ್ಲ. ಮನೆಯ ಹಿರಿಯರ ನಿದ್ದೆಯ ಕ್ರಮ ಒಂದೆರಡು ವರ್ಷದಲ್ಲಿ ಇದ್ದಕ್ಕಿದ್ದಂತೆ ಬದಲಾದರೆ, ಹಗಲು ತೂಕಡಿಕೆ ಹೆಚ್ಚಿದರೆ, ಅದನ್ನು ಮರೆವಿನ ದೂರಿನಷ್ಟೇ ಗಟ್ಟಿಯಾಗಿ ವೈದ್ಯರಿಗೆ ಹೇಳಬೇಕು. ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟುವವರಿಗೆ ಚಿಕಿತ್ಸೆ ಇದೆ. ತಾವಾಗಿ ನಿದ್ದೆ ಮಾತ್ರೆ ತಂದು ನುಂಗಿಸುವುದು ಬೇಡ. ವಯಸ್ಸಾದವರಲ್ಲಿ ಕೆಲವು ಮಾತ್ರೆಗಳು ಗಲಿಬಿಲಿಯನ್ನೇ ಹೆಚ್ಚಿಸುತ್ತವೆ, ಬೀಳಿಸುತ್ತವೆ. ಬಿ.ಪಿ., ಸಕ್ಕರೆ ಹತೋಟಿಯಲ್ಲಿಡುವುದು ಪುರಾವೆ ಗಟ್ಟಿಯಿರುವ ದಾರಿ.

ಇನ್ನೊಂದು ಕೆಲಸ ಮನೆಯವರ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿದೆ. ಪಿಎಂ-ಕುಸುಮ್ ಯೋಜನೆಯಡಿ ಪಂಪ್‌ಸೆಟ್ ಫೀಡರ್‌ಗಳನ್ನು ಸೌರಶಕ್ತಿಗೆ ಜೋಡಿಸಿ ರೈತರಿಗೆ ಹಗಲಲ್ಲೇ ಕರೆಂಟು ಕೊಡುವ ಕೆಲಸ ಕರ್ನಾಟಕದಲ್ಲಿ ನಡೆದಿದೆ. ಅದರ ಲಾಭವನ್ನು ಈವರೆಗೆ ಯೂನಿಟ್ಟಿನಲ್ಲಿ, ಸಬ್ಸಿಡಿಯ ಕೋಟಿಗಳಲ್ಲಿ ಎಣಿಸುತ್ತಾರೆ. ರೈತ ಮರಳಿ ಪಡೆದ ರಾತ್ರಿಯ ಗಂಟೆಗಳನ್ನೂ ಆ ಲೆಕ್ಕದ ಪುಸ್ತಕದಲ್ಲಿ ಒಂದು ಕಲಮಾಗಿ ಬರೆಯಬೇಕು. ಇಲಿಯ ಗಂಟೆಗೆ ಹತ್ತು ನಿಮಿಷದ ನಿದ್ದೆಯನ್ನು ಅಷ್ಟು ಶ್ರದ್ಧೆಯಿಂದ ಅಳೆಯಬಲ್ಲ ನಮಗೆ ರೈತನ ನಿದ್ದೆ ಅಳೆಯುವುದು ಅಸಾಧ್ಯವೇನಲ್ಲ.